ನಿಮಗಿದು ಗೊತ್ತೇ? ಮೈಬಣ್ಣ ಬಿಡಿ, ಚಾಸಿ ನೋಡಿ

ಶ್ರೀರಂಗಪಟ್ಟಣದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ‘ಪಯಣ’ ಎಂಬ ಕಾರು ಸಂಗ್ರಹಾಲಯವಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೆಯ ಕಾರುಗಳು ಅಲ್ಲಿವೆ. ಹೋದವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಬಾನೆಟ್ ಪಕ್ಕ ನಿಂತು ಸೆಲ್ಫಿ. ಮುಂದಿನ ಸಲ ಹೋದಾಗ ಕಾರಿನ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಎರಡು ಚಕ್ರಗಳ ನಡುವೆ ಇಣುಕಿ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರಾದರೆ, ಬಹುಮಟ್ಟಿಗೆ ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಉಕ್ಕಿನ ತೊಲೆ, ಅದರ ಮೇಲೆ ಕಮಾನು ಪಟ್ಟಿ ಕಾಣುತ್ತದೆ. ಕಬ್ಬು ಹೊತ್ತು ಪಾಂಡವಪುರದ ಕಡೆ ಸಾಗುವ ಲಾರಿಯ ಮುಂದಿನ ಆಕ್ಸಲ್ಲೂ ಅದೇ ಜಾತಿ!

ಹೆಸರುವಾಸಿ ಹಳೇ ಸ್ಪೋರ್ಟ್ಸ್ ಕಾರಿನ ರೂಪದಲ್ಲಿ ಹೊಸದಾಗಿ ಕಟ್ಟಿದ ಕಾರಿಗೆ ರೆಪ್ಲಿಕಾ ಎನ್ನುತ್ತಾರೆ. ಮೈ ನಕಲು ಮಾಡುವುದು ಸುಲಭ. ಅಸಲಿ ಕಾರಿನ ಮೇಲೆ ಅಚ್ಚು ತೆಗೆದು, ಒಳಗೆ ಜೆಲ್‌ಕೋಟ್ ಬಳಿದು, ಗಾಜಿನ ನಾರಿನ ಹಾಸು ಹಾಸಿ ರೆಸಿನ್ ಕುಡಿಸಿದರೆ ಫೈಬರ್ ಮೈ ಸಿದ್ಧ. ಅಡಿಯಲ್ಲಿರುವ ಚಾಸಿ ಮತ್ತು ಮುಂದಿನ ಸಸ್ಪೆನ್ಶನ್ ಹಾಗೆ ಅಚ್ಚಿಗೆ ಬರುವುದಿಲ್ಲ. ರೆಪ್ಲಿಕಾದ ಜಾತಕ ಇರುವುದೇ ಅಲ್ಲಿ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಕಾರಿನಡಿ ಮಲಗಿಯೇ.

ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಕಾರುಗಳ ಪೈಕಿ ಎಸಿ ಕೋಬ್ರಾ ಮುಂಚೂಣಿಯಲ್ಲಿದೆ. 1962ರಲ್ಲಿ ಅಮೆರಿಕದ ಕ್ಯಾರಲ್ ಶೆಲ್ಬಿ, ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ಕಾರಿಗೆ ಫೋರ್ಡ್‌ನ ವಿ8 ಎಂಜಿನ್ ಕೂರಿಸಿದ. ಅಸಲಿ ಕೋಬ್ರಾಗಳು ಹುಟ್ಟಿದ್ದು ಸಾವಿರದ ಆಸುಪಾಸು. ನಕಲುಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮೊದಲ ಕೋಬ್ರಾ ಇದ್ದದ್ದು ಒಂದೇ ಒಂದು. ಒಂದೊಂದು ಪತ್ರಿಕೆಯವರು ಓಡಿಸಿ ನೋಡಲು ಬಂದಾಗಲೂ ಶೆಲ್ಬಿ ಅದಕ್ಕೆ ಬೇರೆ ಬೇರೆ ಬಣ್ಣ ಹೊಡೆಸುತ್ತಿದ್ದ. ಓದುಗರು ಕಾರ್ಖಾನೆ ತುಂಬ ಕಾರು ನಿಂತಿವೆ ಎಂದುಕೊಂಡರು. ನಕಲಿನ ಕಥೆ ಅಸಲಿಯಿಂದಲೇ ಶುರುವಾಯಿತು ಅನ್ನಿ.

ಆ ಅಸಲಿ ಕೋಬ್ರಾದ ಮುಂದುಗಡೆಯೂ ಇದ್ದದ್ದು ಕಮಾನು ಪಟ್ಟಿಯೇ! ಲಾರಿಯಲ್ಲಿ ಪಟ್ಟಿ ಉದ್ದಕ್ಕೆ ಮಲಗಿರುತ್ತದೆ, ಕೋಬ್ರಾದಲ್ಲಿ ಅಡ್ಡಕ್ಕೆ. ನಡುವೆ ಚಾಸಿಗೆ ಬಿಗಿದ ಒಂದೇ ಕಮಾನು ಎರಡೂ ಚಕ್ರಗಳಿಗೆ ಸ್ಪ್ರಿಂಗ್ ಆಗುತ್ತಿತ್ತು. ಅದರ ತುದಿಗಳೇ ಮೇಲಿನ ಆರ್ಮಿನ, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳಿನ, ಕೆಲಸವನ್ನೂ ನೋಡಿಕೊಳ್ಳುತ್ತಿದ್ದವು. ಒಂದೇ ಸಂಬಳಕ್ಕೆ ಎರಡು ಕೆಲಸ. 1965ರ 427 ಮಾದರಿಯಲ್ಲಿ ಕಮಾನು ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು.

ಅದೇ ವೇಳೆಗೆ ಚಾಸಿಯ ಎರಡು ಉದ್ದನೆಯ ಕೊಳವೆಗಳು 3 ಇಂಚಿನಿಂದ 4 ಇಂಚಿಗೆ ಏರಿದವು. ಒಂದಿಂಚಿನಲ್ಲಿ ಏನು ಮಹಾ ಅನ್ನಬೇಡಿ. ಕೊಳವೆಯ ಗೋಡೆ ಅಷ್ಟೇ ದಪ್ಪ ಇದ್ದರೆ ತೂಕ ಏರುವುದು ಮೂರನೇ ಒಂದು ಪಾಲು, ತಿರುಚುವಿಕೆಗೆ ತಡೆ ಏರುವುದು ಎರಡು ಪಟ್ಟಿಗೂ ಮಿಕ್ಕಿ.

ಸ್ಪ್ರಿಂಗಿನ ಲೆಕ್ಕ ಇನ್ನೂ ಚುರುಕು. ಕಾಯಿಲ್ ಸ್ಪ್ರಿಂಗಿನ ತಂತಿಯನ್ನು ನೂರಕ್ಕೆ ಹತ್ತರಷ್ಟು ದಪ್ಪ ಮಾಡಿದರೆ ಸ್ಪ್ರಿಂಗ್ ನೂರಕ್ಕೆ 46ರಷ್ಟು ಗಟ್ಟಿಯಾಗುತ್ತದೆ. ‘ಸ್ವಲ್ಪ ದಪ್ಪದ್ದು ಹಾಕಿಬಿಡಿ ಸಾರ್’ ಎನ್ನುವ ಮಾತಿಗೆ ಸೊಂಟ ತೆರುವ ಬೆಲೆ ಇದು.

ಸ್ಪ್ರಿಂಗನ್ನು ಆರ್ಮಿನ ತುದಿಗೆ ಕೊಡುವ ಬದಲು ಸರಿಯಾಗಿ ಮಧ್ಯಕ್ಕೆ ನಿಲ್ಲಿಸಿದರೆ ಚಕ್ರಕ್ಕೆ ಸಿಗುವ ಗಡಸು ಅರ್ಧವೆಂದು ನೀವು ಊಹಿಸಬಹುದು. ಸಿಗುವುದು ಕಾಲುಭಾಗದ ಗಡಸು ಮಾತ್ರ. ಸನ್ನೆಯಲ್ಲಿ ಬಲವೂ ಅರ್ಧ, ಸ್ಪ್ರಿಂಗ್ ಕುಗ್ಗುವ ದೂರವೂ ಅರ್ಧ. ಎರಡು ಅರ್ಧ ಗುಣಿಸಿದರೆ ಕಾಲು. ಮನೆಯಲ್ಲೇ ರೆಪ್ಲಿಕಾ ಕಟ್ಟುವವರು ಮೊದಲು ಎಡವುವ ಜಾಗಗಳಲ್ಲಿ ಇದೊಂದು.

ಕಬ್ಬು ಕಡಿಯುವ ಒಳ್ಳೆಯ ಮಚ್ಚಿನ ಪೂರ್ವಜನ್ಮ ಯಾವುದು ಗೊತ್ತೇ? ಎಷ್ಟೋ ಕುಲುಮೆಗಳಲ್ಲಿ ಅದು ಲಾರಿಯ ಮುರಿದ ಕಮಾನು ಪಟ್ಟಿ. ಕಾಯಿಸಿ, ಅದ್ದಿ, ಹದ ಹಿಡಿಸಿದರೆ ಆ ಉಕ್ಕು ಅಂಚನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮುರಿದ ಕಮಾನನ್ನು ವೆಲ್ಡಿಂಗ್ ಮಾಡಿ ಮತ್ತೆ ಗಾಡಿಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ. ವೆಲ್ಡಿಂಗ್ ಬಿಸಿಗೆ ಆ ಹದವೇ ಕೆಟ್ಟುಹೋಗುತ್ತದೆ.

ಟ್ರಾಕ್ಟರಿನ ಮುಂದುಗಡೆ ಸಾಮಾನ್ಯವಾಗಿ ಸ್ಪ್ರಿಂಗೇ ಇರುವುದಿಲ್ಲ. ಆದರೂ ಉತ್ತ ಹೊಲದ ಹಳ್ಳ ದಿಣ್ಣೆಯಲ್ಲಿ ನಾಲ್ಕೂ ಚಕ್ರ ನೆಲ ಬಿಡುವುದಿಲ್ಲ. ಮುಂದಿನ ಆಕ್ಸಲ್ ಮಧ್ಯದ ಒಂದು ಪಿನ್ನಿನ ಮೇಲೆ ಅತ್ತಿತ್ತ ತೂಗುವಂತೆ ಕೂತಿರುತ್ತದೆ. ಹಾಗಾಗಿ ಟ್ರಾಕ್ಟರಿನ ಒಡಲು ನಿಂತಿರುವುದು ಮೂರು ಬಿಂದುಗಳ ಮೇಲೆ. ಮೂರು ಕಾಲಿನ ಮಣೆ ಎಂಥ ಒರಟು ನೆಲದ ಮೇಲಾದರೂ ಅಲುಗದು ಎಂಬುದು ಗೊತ್ತಿದ್ದದ್ದೇ.

ಎತ್ತಿನಗಾಡಿಯಲ್ಲೂ ಸ್ಪ್ರಿಂಗ್ ಇಲ್ಲ. ಮರದ ಗಾಲಿ, ಕಬ್ಬಿಣದ ಪಟ್ಟಿ ಹೋಗಿ ಟೈರ್ ಗಾಡಿ ಬಂದಾಗ ಎತ್ತಿನ ಹೆಗಲಿಗೆ ಸಿಕ್ಕ ಮೊದಲ ಸಸ್ಪೆನ್ಶನ್ ಎಂದರೆ ಟೈರಿನೊಳಗಿನ ಗಾಳಿ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರು ಮ್ಯಾನೇಜ್‌ಮೆಂಟ್ ಪಾಠದ ಜೊತೆಗೆ ಎತ್ತಿನಗಾಡಿಯ ಸುಧಾರಣೆಗೆಂದೇ ವರ್ಷಗಟ್ಟಲೆ ದುಡಿದವರು. ಜಟಕಾಗಾಡಿಗೆ ಮಾತ್ರ ಮೊದಲಿನಿಂದಲೂ ಕಮಾನಿನ ಭಾಗ್ಯವಿತ್ತು.

ಈಗ ನಮ್ಮವರಿಗೆ ಹತ್ತಿರದ ಒಂದು ಕಾರು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನು ಹಿರಿಯರು ಮರೆತಿರಲಾರರು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಭಾರತೀಯ ಅವತಾರ ಅದು. ಅದರ ಬಾನೆಟ್ಟು, ಮಡ್‌ಗಾರ್ಡು, ದೀಪ ಎಲ್ಲ ಒಟ್ಟಾಗಿ ಮುಂದಕ್ಕೆ ಬಾಗುತ್ತಿದ್ದವು. ಮೆಕ್ಯಾನಿಕ್ಕು ಚಕ್ರದ ಮೇಲೆಯೇ ಕೂತು ಎಂಜಿನ್ ಬಿಚ್ಚಬಹುದಿತ್ತು, ಮುಂದಿನ ಸಸ್ಪೆನ್ಶನ್ ಕಣ್ಣೆದುರೇ ಬಿಚ್ಚಿಟ್ಟಂತೆ ಕಾಣುತ್ತಿತ್ತು. ತಿರುಗಲು ಅದಕ್ಕೆ ಬೇಕಿದ್ದದ್ದು ಬರೀ 25 ಅಡಿ ಅಗಲದ ವೃತ್ತ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಗಳಿಗೆ ಹೇಳಿ ಮಾಡಿಸಿದ ಕಾರು!

ಮೇಲಿನ ಆರ್ಮಿಗೂ ಕೆಳಗಿನ ಆರ್ಮಿಗೂ ನಡುವೆ ನಿಂತು ಚಕ್ರದ ಹಬ್ಬನ್ನು ಹಿಡಿದಿರುವ ಕಂಬಕ್ಕೆ ಅಪ್‌ರೈಟ್ ಎಂದು ಹೆಸರು. ಅದನ್ನು ಉಕ್ಕು ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಬೇಕು. ಆ ಅಚ್ಚಿಗೆ ದೊಡ್ಡ ಬಂಡವಾಳ ಬೇಕು, ನೂರು ಕಾರು ಮಾಡುವ ಪುಟ್ಟ ಕಂಪನಿಗೆ ಅದು ಎಟುಕದ ಮಾತು. ಆದ್ದರಿಂದ ರೇಸಿಂಗ್ ಲೋಕದ ದೊಡ್ಡ ಹೆಸರಾದ ಲೋಟಸ್ ಏನು ಮಾಡಿತು? ಟ್ರಯಂಫ್ ಕುಟುಂಬದ ಅಪ್‌ರೈಟನ್ನೇ ಎತ್ತಿಕೊಂಡು ತನ್ನ ಸೆವೆನ್ ಮತ್ತು ಎಲಾನ್ ಕಾರುಗಳಿಗೆ ಹಾಕಿತು. ಡಾಕ್ಟರು, ವಕೀಲರು ಪೇಟೆ ಬೀದಿಯಲ್ಲಿ ಓಡಿಸಿದ ಹೆರಾಲ್ಡ್‌ಗೂ ಯುರೋಪಿನ ಟ್ರ್ಯಾಕಿನಲ್ಲಿ ಹಾರಿದ ಲೋಟಸ್‌ಗೂ ಮೊಣಕಾಲು ಒಂದೇ ವಂಶದ್ದು.

ಆ ಅಪ್‌ರೈಟಿನ ಬುಡದಲ್ಲಿ ಒಂದು ಸೂಕ್ಷ್ಮವಿದೆ. ಈಗಿನ ಕಾರುಗಳಲ್ಲಿ ಅಲ್ಲಿ ಬಾಲ್ ಜಾಯಿಂಟ್ ಇರುತ್ತದೆ. ಹೆರಾಲ್ಡ್‌ನಲ್ಲಿ ಇದ್ದದ್ದು ಟ್ರನಿಯನ್ ಎಂಬ ಕಂಚಿನ ಎರಕದ ತುಂಡು. ಉಕ್ಕಿನ ಕಂಬದ ತುದಿಯಲ್ಲಿ ಮರೆ (ಥ್ರೆಡ್) ಹೊಡೆದಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಮರೆ ಕಂಚಿನೊಳಗೆ ಬೋಲ್ಟಿನ ಹಾಗೆ ಒಂದಿಷ್ಟು ಏರುತ್ತದೆ, ಇಳಿಯುತ್ತದೆ. ಅದಕ್ಕೆ ಕೊಡಬೇಕಾದದ್ದು 90 ನಂಬರಿನ ಗೇರ್ ಆಯಿಲ್. ನಿಪ್ಪಲ್ ಕಂಡ ತಕ್ಷಣ ಗ್ರೀಸ್ ಗನ್ ಹಿಡಿಯುವುದು ಗ್ಯಾರೇಜಿನ ಅಭ್ಯಾಸ. ಗ್ರೀಸ್ ಮರೆಯ ಸಂದಿಗೆ ಸರಿಯಾಗಿ ಇಳಿಯದು, ಕಂಚು ಕಚ್ಚಿಕೊಳ್ಳುತ್ತದೆ, ತುಕ್ಕು ಹಿಡಿದ ಕಂಬ ಒಂದು ದಿನ ತಿರುವಿನಲ್ಲಿ ತುಂಡಾಗುತ್ತದೆ. ಹಳೇ ಟ್ರಯಂಫ್ ಭಾಗ ಹಾಕಿದ ರೆಪ್ಲಿಕಾ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ: ಟ್ರನಿಯನ್‌ಗೆ ಆಯಿಲ್ಲೋ ಗ್ರೀಸೋ?

ಕಂಚಿನ ಮಾತು ಬಂದಮೇಲೆ ನಾಗಮಂಗಲವನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಅಲ್ಲಿನ ಲೋಹದ ವಿಗ್ರಹಗಳು ಹೆಸರುವಾಸಿ. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಹಾಕಿ, ಆ ಪೊಳ್ಳಿಗೆ ಲೋಹ ಹೊಯ್ಯುವ ವಿಧಾನ ಅದು. ಇದೇ ತತ್ವದ ಎರಕದಿಂದಲೇ ಇಂದು ಟರ್ಬೋ ಚಾರ್ಜರಿನ ಚಕ್ರಗಳೂ ತಯಾರಾಗುತ್ತವೆ. ವಿಗ್ರಹದ ಮೂಗು ಮೊನಚಾಗಿ ಬರಬೇಕಾದರೂ, ಟರ್ಬೋ ಎಲೆ ತೆಳ್ಳಗೆ ಬರಬೇಕಾದರೂ ಮೇಣದಷ್ಟು ಮಾತು ಕೇಳುವ ವಸ್ತು ಇನ್ನೊಂದಿಲ್ಲ.

ಲೋಟಸ್ ಸೆವೆನ್ ಹುಟ್ಟಿದ್ದು 1957ರಲ್ಲಿ, ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಕೈಯಲ್ಲಿ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ತೂಕ ಐನೂರು ಕಿಲೋ ಆಸುಪಾಸು. ನಮ್ಮ ಟೈರ್ ಗಾಡಿಗೆ ಒಂದು ಸಲ ಹೇರುವ ಕಬ್ಬಿನ ಅರ್ಧವೂ ಆಗದು.

ಸೆವೆನ್‌ನ ಹಳೆಯ ಮಾದರಿಗಳಲ್ಲಿ ಮುಂದಿನ ಆಂಟಿ ರೋಲ್ ಬಾರ್ ಬರೀ ವಾಲಾಟ ತಡೆಯುತ್ತಿರಲಿಲ್ಲ, ಎರಡು ಕಾಲಿನ ಕವಲು ಆರ್ಮಾದ ಮೇಲಿನ ವಿಶ್‌ಬೋನಿನ ಒಂದು ಕಾಲೂ ಅದೇ ಆಗಿತ್ತು. ಎಂಜಿ ಕಾರುಗಳಲ್ಲಿ ಇನ್ನೂ ಮಜಾ. 1950ರ ಟಿಡಿ ಮಾದರಿಯಿಂದ 1980ರವರೆಗೆ ಬಂದ ಎಂಜಿಬಿ ತನಕ ಶಾಕ್ ಅಬ್ಸಾರ್ಬರಿನ ತೋಳೇ ಮೇಲಿನ ಆರ್ಮ್! ಅದಕ್ಕೂ ಹಿಂದಿನ ಟಿಸಿಯಲ್ಲಿ ಗಟ್ಟಿ ತೊಲೆಯ ಆಕ್ಸಲ್. ‘ಇದು ಟಿಸಿ’ ಎಂದು ಯಾರಾದರೂ ಬೆಲೆ ಹೇಳಿದರೆ ಬಗ್ಗಿ ನೋಡಿ. ಮುಂದೆ ಕಾಯಿಲ್ ಸ್ಪ್ರಿಂಗ್ ಕಂಡರೆ ನಕ್ಕು ಮುಂದೆ ಹೋಗಿ.

ಇಂಗ್ಲೆಂಡಿನಲ್ಲಿ ಬಿಡಿಭಾಗವಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಕಾರಿನ ಮೇಲಿನ ಖರೀದಿ ತೆರಿಗೆ ತಪ್ಪುತ್ತಿತ್ತು. ಜೋಡಿಸುವ ಕೈಪಿಡಿ ಕೊಡುವಂತಿಲ್ಲ ಎಂಬ ಷರತ್ತಿಗೆ ಲೋಟಸ್‌ನವರು ‘ಬಿಚ್ಚುವ ಕೈಪಿಡಿ’ ಕೊಟ್ಟು, ಹಿಂದಿನಿಂದ ಓದಿಕೊಳ್ಳಲಿ ಎಂದು ಬಿಟ್ಟರು ಎಂಬ ಕಥೆ ಪ್ರಸಿದ್ಧ. 1973ರಲ್ಲಿ ವ್ಯಾಟ್ ಬಂದು ಆ ಲಾಭಕ್ಕೆ ಕತ್ತರಿ ಬಿತ್ತು.

ಸೆವೆನ್‌ನ ನಕಲನ್ನು ಬಡವರ ಮನೆಗೆ ತಂದದ್ದು ಒಬ್ಬ ಮೇಷ್ಟ್ರು. ಇಂಗ್ಲೆಂಡಿನ ಔಂಡಲ್ ಶಾಲೆಯ ರಾನ್ ಚಾಂಪಿಯನ್ 1996ರಲ್ಲಿ ಬರೆದ ಪುಸ್ತಕ, ಬರೀ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆಂದು ಹೇಳಿಕೊಟ್ಟಿತು. ಚಾಸಿಗೆ ಒಂದಿಂಚಿನ ಸ್ಕ್ವೇರ್ ಪೈಪ್, ಗೋಡೆ 1.6 ಮಿ.ಮೀ. ಎಂಜಿನ್ ಹಳೇ ಫೋರ್ಡ್ ಎಸ್ಕಾರ್ಟ್‌ನದು, ಮುಂದಿನ ಅಪ್‌ರೈಟ್ ಫೋರ್ಡ್ ಕಾರ್ಟಿನಾದ್ದು. ಆ ಒಂದಿಂಚಿನ ಪೈಪಿಗೆ ವಿದೇಶಕ್ಕೆ ಹೋಗಬೇಕಿಲ್ಲ. ಕೆ.ಆರ್. ಪೇಟೆಯ ಯಾವ ವೆಲ್ಡಿಂಗ್ ಶಾಪಿಗೆ ಹೋದರೂ ಗೇಟು, ಗ್ರಿಲ್ಲು ಮಾಡಲು ಅದೇ ಅಳತೆಯದು ಗೋಡೆಗೆ ಒರಗಿ ನಿಂತಿರುತ್ತದೆ. ದಪ್ಪವನ್ನು ಮಾತ್ರ ಕೇಳಿ ತೆಗೆದುಕೊಳ್ಳಬೇಕು.

ಪೈಪು ಒಂದೇ ಆದರೂ ಗೇಟು ಗೇಟೇ, ಚಾಸಿ ಚಾಸಿಯೇ. ಯಾಕೆ? ತೆಂಗಿನ ಪೊರಕೆಯ ನಾಲ್ಕು ಕಡ್ಡಿ ತೆಗೆದು, ತುದಿಗಳಿಗೆ ದಾರ ಕಟ್ಟಿ ಚೌಕ ಮಾಡಿ. ಒಂದು ಮೂಲೆ ಒತ್ತಿದರೆ ಅದು ಓರೆಯಾಗಿ ಮಲಗಿಬಿಡುತ್ತದೆ. ಮೂರೇ ಕಡ್ಡಿಯಲ್ಲಿ ತ್ರಿಕೋನ ಕಟ್ಟಿ ಒತ್ತಿ, ಕಡ್ಡಿ ಮುರಿದೀತೇ ಹೊರತು ಆಕಾರ ಬದಲಾಗದು. ಕೊಳವೆ ಬೆಸೆದು ಕಟ್ಟುವ ಚೌಕಟ್ಟಿನ, ಅಂದರೆ ಸ್ಪೇಸ್ ಫ್ರೇಮಿನ, ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ. ಪ್ರತಿ ಚೌಕಕ್ಕೂ ಒಂದು ಓರೆ ಕೊಳವೆ, ಆರ್ಮು ಕೂರುವ ಜಾಗದಲ್ಲಿ ಕೊಳವೆಗಳ ಸಂಧಿ. ಆರ್ಮಿನ ಬ್ರಾಕೆಟ್ಟನ್ನು ಸಂಧಿ ಬಿಟ್ಟು ಕೊಳವೆಯ ನಟ್ಟನಡುವೆ ಬೆಸೆದಿದ್ದರೆ ಆ ಕಾರು ಕಟ್ಟಿದವನಿಗೆ ವೆಲ್ಡಿಂಗ್ ಬರುತ್ತದೆ, ಚಾಸಿ ಬರುವುದಿಲ್ಲ ಎಂದರ್ಥ.

ತ್ರಿಕೋನಕ್ಕೆ ಕಟ್ಟುಬಿದ್ದು ಬಾಗಿಲನ್ನೇ ಆಕಾಶಕ್ಕೆ ತಿರುಗಿಸಿದ ಕಾರೊಂದಿದೆ. 1954ರ ಮರ್ಸಿಡಿಸ್ 300 ಎಸ್‌ಎಲ್‌ನ ಕೊಳವೆ ಚೌಕಟ್ಟು ಬಲು ಹಗುರ. ಅದು ಗಟ್ಟಿಯಾಗಿರಲು ಪಕ್ಕದಲ್ಲಿ ಕೊಳವೆಗಳು ತುಂಬ ಎತ್ತರಕ್ಕೆ ಬಂದವು. ಮಾಮೂಲಿ ಬಾಗಿಲಿಗೆ ಜಾಗ ಉಳಿಯಲಿಲ್ಲ. ಹಾಗಾಗಿ ಬಾಗಿಲನ್ನು ಚಾವಣಿಗೆ ಕೀಲು ಹಾಕಿ ರೆಕ್ಕೆಯಂತೆ ಮೇಲೆತ್ತಬೇಕಾಯಿತು. ಜನ ಅದನ್ನು ಶೋಕಿ ಎಂದುಕೊಂಡರು, ಎಂಜಿನಿಯರಿಗೆ ಅದು ಬೇರೆ ದಾರಿಯಿಲ್ಲದ ಪಾಡು.

ಫ್ರೇಮ್ ಬೆಸೆಯುವವರು ಒಂದು ಮೂಲೆಯನ್ನು ಪೂರ್ತಿ ವೆಲ್ಡ್ ಮಾಡಿ ಇನ್ನೊಂದಕ್ಕೆ ಹೋಗುವುದಿಲ್ಲ. ಮೊದಲು ಎಲ್ಲ ಕಡೆ ಚುಕ್ಕಿ ಚುಕ್ಕಿ ಟ್ಯಾಕ್ ಹೊಡೆದು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡುತ್ತಾರೆ. ಮನೆಯ ಪಾಯಕ್ಕೆ ಗಾರೆಯವರು ಮೂಲೆಮಟ್ಟ ನೋಡಿದಂತೆಯೇ ಎರಡು ಕರ್ಣಗಳೂ ಒಂದೇ ಅಳತೆ ಬರಬೇಕು. ಆಮೇಲೂ ಇಲ್ಲೊಂದಿಷ್ಟು, ಅಲ್ಲೊಂದಿಷ್ಟು ಬೆಸೆಯುತ್ತ ಹೋಗಬೇಕು. ವೆಲ್ಡ್ ತಣ್ಣಗಾಗುವಾಗ ಕುಗ್ಗಿ ಕೊಳವೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅವಸರ ಮಾಡಿದರೆ ಚಾಸಿ ಹುಟ್ಟುತ್ತಲೇ ಸೊಟ್ಟ.

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್, ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಹುಡುಗರು ಕೇಳಿಸಿಕೊಳ್ಳಲಿ: ವಿದ್ಯಾರ್ಥಿಗಳೇ ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಕಾರಿಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಕನಿಷ್ಠ 1525 ಮಿ.ಮೀ. ಇರಲೇಬೇಕು, ಚಕ್ರ ಮೇಲೆ ಕೆಳಗೆ ಸೇರಿ ಕನಿಷ್ಠ 50 ಮಿ.ಮೀ. ಆಡಲೇಬೇಕು. ಸಸ್ಪೆನ್ಶನ್ ಇಲ್ಲದ ಗೋ ಕಾರ್ಟ್ ತಂದು ಇದೇ ಕಾರು ಎನ್ನುವಂತಿಲ್ಲ.

ಈಗ ಈ ವಿದ್ಯೆಯ ಅತಿ ಕಷ್ಟದ ಪಾಠಕ್ಕೆ ಬರೋಣ. ಆಂಗ್ಲ ಹವ್ಯಾಸಿಗಳು ಅದನ್ನು ಬಂಪ್ ಸ್ಟೀರ್ ಎನ್ನುತ್ತಾರೆ. ಚಕ್ರ ಹಂಪು ಹತ್ತಿದಾಗ ಮೇಲಿನ ಆರ್ಮು, ಕೆಳಗಿನ ಆರ್ಮು ಒಂದೊಂದು ಕಮಾನಿನ ದಾರಿಯಲ್ಲಿ ಏರುತ್ತವೆ. ಸ್ಟೀರಿಂಗಿನಿಂದ ಬಂದ ಟೈ ರಾಡು ಕೂಡ ತನ್ನದೇ ಕಮಾನಿನಲ್ಲಿ ಏರುತ್ತದೆ. ಮೂರರ ದಾರಿ ಒಂದಕ್ಕೊಂದು ಹೊಂದಿದ್ದರೆ ಚಕ್ರ ನೇರ ನೋಡುತ್ತಲೇ ಏರಿ ಇಳಿಯುತ್ತದೆ. ರೆಪ್ಲಿಕಾದಲ್ಲಿ ಆರ್ಮು ಒಂದು ಕಾರಿನದು, ಸ್ಟೀರಿಂಗ್ ರ್‍ಯಾಕ್ ಇನ್ನೊಂದು ಕಾರಿನದು. ರ್‍ಯಾಕ್ ಒಂದು ಬೆರಳು ಮೇಲೆ ಕೂತಿದ್ದರೂ ಸಾಕು, ನೀವು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ಕೂತಿದ್ದರೂ ಪ್ರತಿ ಹಂಪಿಗೆ ಕಾರು ತಾನೇ ಎಡಕ್ಕೋ ಬಲಕ್ಕೋ ಮೂಗು ತಿರುಗಿಸುತ್ತದೆ. ಪರೀಕ್ಷೆ ಸರಳ: ಸ್ಪ್ರಿಂಗ್ ಬಿಚ್ಚಿ, ಚಕ್ರದ ಬದಲು ಹಬ್ಬಿಗೆ ಒಂದು ನೇರ ಹಲಗೆ ಬಿಗಿದು, ಜಾಕಿನಲ್ಲಿ ಒಂದೊಂದೇ ಇಂಚು ಎತ್ತುತ್ತ ಹಲಗೆಯ ಎರಡೂ ತುದಿ ಎಷ್ಟು ಸರಿಯಿತೆಂದು ಅಳೆಯುವುದು. ಒಂದು ಮಧ್ಯಾಹ್ನದ ಕೆಲಸ. ಮಾಡುವವರು ಕಡಿಮೆ, ಅದಕ್ಕೇ ರೆಪ್ಲಿಕಾಗಳಿಗೆ ‘ರೋಡಿನಲ್ಲಿ ಅಲೆಯುತ್ತದೆ’ ಎಂಬ ಕೆಟ್ಟ ಹೆಸರು.

ಮೇಲುಕೋಟೆ ಬೆಟ್ಟದ ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಚಕ್ರವೂ ಅದರೊಂದಿಗೆ ವಾಲಿದರೆ ಟೈರಿನ ಅಂಚು ಮಾತ್ರ ನೆಲ ಹಿಡಿಯುತ್ತದೆ. ಡಬಲ್ ವಿಶ್‌ಬೋನಿನಲ್ಲಿ ಮೇಲಿನ ಆರ್ಮನ್ನು ಕೆಳಗಿನದಕ್ಕಿಂತ ಗಿಡ್ಡ ಇಡುವುದು ಇದಕ್ಕೇ. ಚಕ್ರ ಏರಿದಂತೆ ಅದರ ತಲೆಯನ್ನು ಗಿಡ್ಡ ಆರ್ಮು ಒಳಕ್ಕೆ ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ನಮ್ಮ ಪ್ರೀಮಿಯರ್ ಪದ್ಮಿನಿಯ ಮುಂದುಗಡೆ ಇದ್ದದ್ದೂ ಡಬಲ್ ವಿಶ್‌ಬೋನೇ. ಟ್ಯಾಕ್ಸಿ ಎಂದು ಮೂಗು ಮುರಿಯಬೇಡಿ.

ಅಂಬಾಸಿಡರಿನ ಮುಂದೆ ಕಾಯಿಲ್ಲೂ ಇಲ್ಲ, ಕಮಾನೂ ಇಲ್ಲ. ಉದ್ದಕ್ಕೆ ಮಲಗಿದ ಉಕ್ಕಿನ ಸರಳು ತಿರುಚಿಕೊಂಡೇ ಸ್ಪ್ರಿಂಗಿನ ಕೆಲಸ ಮಾಡುತ್ತಿತ್ತು. ಅದೇ ಟಾರ್ಷನ್ ಬಾರ್. 2014ರಲ್ಲಿ ಕಾರಿನ ತಯಾರಿಕೆ ನಿಲ್ಲುವವರೆಗೂ ‘ಅಂಬಿ’ಯ ಗಾಂಭೀರ್ಯ ಆ ಸರಳಿನ ಮೇಲೇ ನಿಂತಿತ್ತು.

ಪೋರ್ಷೆ 356ರ ನಕಲುಗಳನ್ನು ಹೆಚ್ಚಾಗಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಅಡಿಯನ್ನು ಗಿಡ್ಡ ಮಾಡಿ ಅದರ ಮೇಲೆ ಕಟ್ಟುತ್ತಾರೆ. ‘ಅಗ್ಗದ ಬೀಟಲ್ ಕಾಲು’ ಎಂದು ಬಲ್ಲವರು ಹಂಗಿಸುವುದುಂಟು. ಆದರೆ ಮೊದಮೊದಲ ಅಸಲಿ 356ರ ಮುಂದಿನ ಸಸ್ಪೆನ್ಶನ್ನೂ ಬೀಟಲ್‌ನಿಂದಲೇ ಬಂದದ್ದು! ಕಾಲಿನ ಮಟ್ಟಿಗೆ ನಕಲೇ ಮೂಲಕ್ಕೆ ಹತ್ತಿರ.

ಅದೇ ಬೀಟಲ್ ಯಂತ್ರಭಾಗಗಳಿಂದ ಅಮೆರಿಕದ ಬ್ರೂಸ್ ಮೇಯರ್ಸ್ 1964ರಲ್ಲಿ ಮರಳಿನಲ್ಲಿ ಓಡುವ ಮ್ಯಾಂಕ್ಸ್ ಬಗ್ಗಿ ಕಟ್ಟಿದ. ನಕಲು ಮಾಡಿದವರ ಮೇಲೆ ಪೇಟೆಂಟ್ ಕೇಸು ಹಾಕಿದ, ಸೋತ. ಆಮೇಲೆ ನಕಲಿನ ಪ್ರವಾಹ.

ಮೋರ್ಗನ್ ಕಾರಿನ ಚಾಸಿ ಮರದ್ದು ಎಂದು ನಂಬಿದವರು ಬಹಳ. ಚಾಸಿ ಉಕ್ಕಿನದೇ, ಅದರ ಮೇಲೆ ತಗಡು ಹೊದಿಸುವ ಮೈಯ ಚೌಕಟ್ಟು ಮಾತ್ರ ಆ್ಯಶ್ ಮರದ್ದು. 1936ರ ಮಾದರಿಯಿಂದ ಬಂದ ಉಕ್ಕಿನ ಏಣಿ ಚಾಸಿಯನ್ನು ಆ ಕಂಪನಿ 2020ರವರೆಗೂ ಬಿಡಲಿಲ್ಲ. ನಮ್ಮೂರ ಬಡಗಿಯಷ್ಟೇ ಹಟ.

ಫೋರ್ಡ್ ಜಿಟಿ40ರ ಹೆಸರಿನ 40 ಏನು? ಅದರ ಎತ್ತರ, ಇಂಚಿನಲ್ಲಿ. ನಿಂತರೆ ನಿಮ್ಮ ಸೊಂಟಕ್ಕೆ ಬರುತ್ತದೆ.

ಅಮೆರಿಕದಲ್ಲಿ 1974ರ ಮಸ್ಟಾಂಗ್ 2 ಕಾರನ್ನು ಬಹಳ ಜನ ಆಡಿಕೊಂಡರು. ಅದರ ಮುಂದಿನ ಸಸ್ಪೆನ್ಶನ್ ಮಾತ್ರ ಎಷ್ಟೋ ಕೋಬ್ರಾ ನಕಲುಗಳಿಗೂ, ಹಳೇ ಕಾರಿಗೆ ದೊಡ್ಡ ಎಂಜಿನ್ ತುಂಬಿದ ಹಾಟ್ ರಾಡ್‌ಗಳಿಗೂ ಕಾಲಾಯಿತು. ಸಣ್ಣದು, ಬೋಲ್ಟ್ ಹಾಕಿ ಕೂರಿಸಬಹುದು. ಈಗಲೂ ಅದರ ಮಾದರಿಯ ಹೊಸ ಭಾಗಗಳು ಮಾರುಕಟ್ಟೆಯಲ್ಲಿವೆ.

ನಮ್ಮ ದೇಶದಲ್ಲೂ ಸೆವೆನ್‌ನ ರೂಪದ ಕಾರು ತಯಾರಾಗಿದೆ. ಮಹಾರಾಷ್ಟ್ರದ ಅಲಿಬಾಗ್ ಬಳಿಯ ಚಿಂಕಾರ ಮೋಟರ್ಸ್‌ನ ರೋಡ್‌ಸ್ಟರ್‌ಗೆ ಫೈಬರ್ ಮೈ, ಇಸುಜು 1.8 ಲೀಟರ್ ಎಂಜಿನ್. ಬೆಂಗಳೂರು ಮೂಲದ ಸ್ಯಾನ್ ಸಮೂಹ ತಂದ ‘ಸ್ಟಾರ್ಮ್’ ಎಂಬ ಎರಡು ಸೀಟಿನ ಕಾರಿಗೂ ಫೈಬರ್ ಮೈ, ಎಂಜಿನ್ ರೆನೋ ಕಂಪನಿಯದು. ಇನ್ನು 2001ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಿಂದ ಹೊರಬಂದ ರೇವಾ ವಿದ್ಯುತ್ ಕಾರನ್ನು ಯಾರೂ ಸ್ಪೋರ್ಟ್ಸ್ ಕಾರು ಎನ್ನಲಿಲ್ಲ. ಕಟ್ಟಿದ ರೀತಿ ಮಾತ್ರ ಸ್ಪೋರ್ಟ್ಸ್ ಕಾರಿನದೇ: ಉಕ್ಕಿನ ಸ್ಪೇಸ್ ಫ್ರೇಮ್, ಮೇಲೆ ಪ್ಲಾಸ್ಟಿಕ್ ಹಲಗೆಗಳು.

ಮೇಲುಕೋಟೆಯ ತೇರಿಗೆ ಸ್ಟೀರಿಂಗ್ ಇಲ್ಲ. ಸನ್ನೆ ಹಾಕುವವರು ಗಾಲಿಗೆ ಮರದ ಅಡ್ಡೆ ಕೊಟ್ಟು, ಒಂದು ಪಕ್ಕ ತಡೆದು ತಿರುಗಿಸುತ್ತಾರೆ. ಕಾರಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು, ಇಲ್ಲವಾದರೆ ಟೈರು ಉಜ್ಜಿಹೋಗುತ್ತದೆ. ಈ ಏರ್ಪಾಟು ಕಾರಿಗಿಂತ ಹಳೆಯದು. ಜರ್ಮನಿಯ ಲಾಂಕೆನ್‌ಸ್ಪರ್ಗರ್ ಕುದುರೆ ಸಾರೋಟಿಗೆಂದು ಕಂಡುಹಿಡಿದ, ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಮಾಡಿಸಿದ ಆಕರ್ಮನ್ ಹೆಸರು ಉಳಿಯಿತು. ಕೆಲಸ ಒಬ್ಬರದು, ಬೋರ್ಡು ಇನ್ನೊಬ್ಬರದು.

ರೆಪ್ಲಿಕಾ ಕಟ್ಟಿದಿರಿ, ಚೆನ್ನಾಗಿಯೂ ಬಂತು ಎಂದುಕೊಳ್ಳಿ. ರಸ್ತೆಗೆ ಇಳಿಸಬಹುದೇ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದಾಯಿತು. ಮಂಡ್ಯದ ಕೆಎ 11 ಆಗಲಿ, ನಾಗಮಂಗಲದ ಕೆಎ 54 ಆಗಲಿ, ಹಳೇ ಕಾರಿನ ಆರ್‌ಸಿ ಹಿಡಿದು ಹೊಸ ಚಾಸಿಗೆ ನಂಬರ್ ಗಿಟ್ಟಿಸುವ ದಾರಿ ಮುಚ್ಚಿದೆ.

2021ರಿಂದ ವಿಂಟೇಜ್ ವಾಹನಗಳಿಗೆ ‘ವಿಎ’ ಅಕ್ಷರವಿರುವ ನಂಬರ್ ಪ್ಲೇಟ್ ಬಂದಿದೆ. ಕಾರಿಗೆ ಐವತ್ತು ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ ಮೂಲದಂತೆಯೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ಇಲ್ಲಿಯೂ ಸರ್ಕಾರ ಮೊದಲು ಕೇಳುವುದು ಚಾಸಿಯನ್ನೇ.

ಹದಿನೇಳು ಅಕ್ಷರ–ಅಂಕಿಗಳ ಚಾಸಿ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಎಂದೂ ಬರುವುದಿಲ್ಲ. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲಿ ಎಂದು. ಯಾರಾದರೂ ತೋರಿಸಿದ ಹದಿನೇಳರ ನಂಬರಿನಲ್ಲಿ ಓ ಇದ್ದರೆ ಅಡ್ವಾನ್ಸ್ ಕೊಡಬೇಡಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ರಸ್ತೆ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಊರವರೇ ರಾತ್ರೋರಾತ್ರಿ ಹಾಕಿದ ಹಂಪಿಗೆ ಈ ಲೆಕ್ಕ ಅನ್ವಯಿಸದು. ಸ್ಪೋರ್ಟ್ಸ್ ಕಾರಿನವರು ಅಡಿ ತಾಗದಿರಲೆಂದು ಅದನ್ನು ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ದಾಟುತ್ತಾರೆ. ಅಡಿ ಉಳಿಯುತ್ತದೆ, ಆದರೆ ಚಾಸಿ ತಿರುಚುವುದು ಆಗಲೇ. ಚಾಸಿ ಸಪ್ಪೆಯಿದ್ದರೆ ಭಾರ ಫೈಬರ್ ಮೈಗೆ ಬೀಳುತ್ತದೆ, ಬಾಗಿಲ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ. ಬಣ್ಣ ಹೊಸದಾಗಿ ಹೊಡೆಸಿದ್ದರೆ ಬಿರುಕೂ ಕಾಣದು. ಆಗ ಒಂದು ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟು ನೆಲದಿಂದ ಎತ್ತಿಸಿ, ಬಾಗಿಲು ತೆಗೆದು ಹಾಕಿ ನೋಡಿ. ಸಲೀಸಾಗಿ ಆಡಿದರೆ ಮಾತು ಮುಂದುವರಿಸಿ. ಕಚ್ಚಿಕೊಂಡರೆ ಹೇಳಿದ ರೇಟಿನಲ್ಲಿ ಅರ್ಧ ಕೇಳಿ.